ಇಮಾನ್ ಮರ್ಸಾಲ್ ಪ್ರಾಥಮಿಕ ಶಾಲೆ

ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕುಗಳ ಮೇಲೆ ಹೆಸರು ಬರೆಯುತ್ತಾಳೆ. ವಿದ್ಯಾರ್ಥಿನಿ: ಇಮಾನ್. ಶಾಲೆ: ಇಮಾನ್ ಮರ್ಸಾಲ್ ಪ್ರಾಥಮಿಕ ಶಾಲೆ. ಮೇಷ್ಟ್ರ ಕೋಲಿಗೂ ಹಿಂದಿನ ಬೆಂಚಿನವರ ನಗುವಿಗೂ ಈ ಹುಚ್ಚು ಬಿಡುವುದಿಲ್ಲ. ಆಮೇಲೆ ತಾನಿರುವ ಬೀದಿಗೂ ತನ್ನ ಹೆಸರೇ ಇಡಬೇಕು ಅಂದುಕೊಳ್ಳುತ್ತಾಳೆ. ಆದರೆ ಷರತ್ತಿದೆ. ಮನೆಗಳು ಇನ್ನಷ್ಟು ಅಗಲ ಆಗಬೇಕು, ಒಳಗೆ ಗುಟ್ಟಿನ ಕೋಣೆಗಳಿರಬೇಕು, ಗೆಳೆಯರು ಅಣ್ಣಂದಿರ ಕಣ್ಣಿಗೆ ಬೀಳದೆ ಹಾಸಿಗೆಯಲ್ಲೇ ಬಿದ್ದುಕೊಂಡು ಸಿಗರೇಟು ಸೇದುವಂತಿರಬೇಕು.

ಇದು ಈಜಿಪ್ಟಿನ ಕವಿ ಇಮಾನ್ ಮರ್ಸಾಲ್ ಅವರ ಕವಿತೆ. ನಾನು ಅವರನ್ನು ಓದಲು ಶುರು ಮಾಡಿದ್ದು ಇದರಿಂದಲೇ. ಅದೂ ಇಂಗ್ಲಿಷಿನಲ್ಲಿ, ಯಾಕೆಂದರೆ ಅರಬ್ಬಿಯ ಒಂದು ಅಕ್ಷರವೂ ನನಗೆ ಬಾರದು. ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕಿದ್ದೆ. ಕವಿತೆಯ ಕೊನೆಗೆ, ಇದು ಸಂಗೀತದಂಥ ಹೆಸರು, ಛಂದಸ್ಸಿನಲ್ಲಿ ಬರೆದ ಪದ್ಯಗಳ ಕೆಳಗೆ ಸಹಿ ಹಾಕುವುದಕ್ಕೆ ಚೆನ್ನಾಗಿರುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ತಮಾಷೆ ನೋಡಿ, ಇದನ್ನು ಹೇಳುವ ಕವಿತೆಗೇ ಛಂದಸ್ಸಿಲ್ಲ! ಅಂದಹಾಗೆ ಇಮಾನ್ ಅಂದರೆ ನಂಬಿಕೆ. ನಾವೂ ಇಮಾನು, ಬೇಇಮಾನಿ ಅಂತೀವಲ್ಲ, ಅದೇ ಪದ. ಮರ್ಸಾಲ್ ಅಂದರೆ ಸುದ್ದಿ ಒಯ್ಯುವವರು.

ಛಂದಸ್ಸು ಬಿಡುವುದು ಅರಬ್ಬಿ ಕಾವ್ಯದಲ್ಲಿ ಸಣ್ಣ ಜಗಳವಲ್ಲ. 1947ರಲ್ಲಿ ಇರಾಕಿನ ನಾಝಿಕ್ ಅಲ್ ಮಲಾಇಕಾ, ಈಜಿಪ್ಟಿಗೆ ಕಾಲರಾ ಬಡಿದಾಗ, ಸಾಲುಗಳ ಉದ್ದವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಒಂದು ಕವಿತೆ ಬರೆದರು. ಅರಬ್ಬಿಯ ಹೊಸ ಕಾವ್ಯದ ಕಥೆ ಹೇಳುವವರು ಬಹಳಷ್ಟು ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗೆ ಹಳೆಯ ಕಟ್ಟು ಮುರಿದ ಅದೇ ನಾಝಿಕ್, ಲಯದ ಲೆಕ್ಕವನ್ನೇ ಪೂರ್ತಿ ಬಿಟ್ಟ ಗದ್ಯಕವಿತೆ ಬಂದಾಗ ಇದು ಕವಿತೆಯೇ ಅಲ್ಲ ಅಂತ ಹಟ ಹಿಡಿದರು. ಬಾಗಿಲು ಒಡೆದವರೇ ಹಿಂದೆ ಬಂದವರನ್ನು ಹೊಸ್ತಿಲಲ್ಲಿ ತಡೆದ ಹಾಗೆ. ಇಮಾನ್ ಅವರ ತಲೆಮಾರು, ಅಂದರೆ ಕೈರೋದಲ್ಲಿ ತೊಂಬತ್ತರ ದಶಕದಲ್ಲಿ ಬರೆದವರು, ಆ ಗದ್ಯಕವಿತೆಯನ್ನೇ ತಮ್ಮದು ಮಾಡಿಕೊಂಡರು. ಅದರಲ್ಲಿ ದೇಶದ ಬಗ್ಗೆ ಘೋಷಣೆ ಇಲ್ಲ, ವೇದಿಕೆಯ ದನಿ ಇಲ್ಲ. ಕೆಫೆ, ಬಾಡಿಗೆ ಕೋಣೆ, ಆಸ್ಪತ್ರೆಯ ಕಾರಿಡಾರು, ಅಪ್ಪ, ಮುಗಿದುಹೋದ ಗೆಳೆತನ, ಇಂಥವು.

ಇಮಾನ್ ಹುಟ್ಟಿದ್ದು 1966ರಲ್ಲಿ, ನೈಲ್ ನದಿಯ ಮುಖಜಭೂಮಿಯ ಮೀತ್ ಅದ್ಲಾನ್ ಎಂಬ ಹಳ್ಳಿಯಲ್ಲಿ. ಹತ್ತಿರದ ಪಟ್ಟಣ ಮನ್ಸೂರಾದಲ್ಲಿ ಓದಿದರು. ಅಲ್ಲಿ ಒಂದಷ್ಟು ಹೆಂಗಸರು ಸೇರಿ ನಡೆಸುತ್ತಿದ್ದ ಪತ್ರಿಕೆಯೊಂದರ ಸಂಪಾದಕಿಯರಲ್ಲಿ ಒಬ್ಬರಾಗಿದ್ದರು. 'ಬಿಂತ್ ಅಲ್ ಅರ್ದ್', ಭೂಮಿಯ ಮಗಳು ಅಂತ ಅದರ ಹೆಸರು. ಆಮೇಲೆ ಕೈರೋ. 1990ರಲ್ಲಿ ಮೊದಲ ಸಂಕಲನ ಬಂತು, ಆದರೆ ಹೆಸರು ತಂದುಕೊಟ್ಟದ್ದು 1995ರ ಎರಡನೆಯದು. ಅದರ ಹೆಸರನ್ನು ಕನ್ನಡದಲ್ಲಿ 'ಕುಣಿತ ಕಲಿಯಲು ತಕ್ಕ ಕತ್ತಲ ಓಣಿ' ಅನ್ನಬಹುದೇನೋ. ತೊಂಬತ್ತರ ದಶಕದ ಕೊನೆಗೆ ದೇಶ ಬಿಟ್ಟು ಮೊದಲು ಅಮೆರಿಕಕ್ಕೆ, ಅಲ್ಲಿಂದ ಕೆನಡಾದ ಎಡ್ಮಂಟನ್‌ಗೆ ಹೋದರು. ನೈಲ್ ನದಿಯ ಬಿಸಿಲಿನಲ್ಲಿ ಬೆಳೆದವರು ಮೈನಸ್ ಮೂವತ್ತು ಡಿಗ್ರಿ ಮುಟ್ಟುವ ಊರಿನಲ್ಲಿ, ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ, ಅರಬ್ಬಿ ಸಾಹಿತ್ಯದ ಪಾಠ ಹೇಳಿದರು. ಬರೆಯುವುದು ಮಾತ್ರ ಅರಬ್ಬಿಯಲ್ಲೇ.

ಇಲ್ಲಿ ನನ್ನದೊಂದು ತಕರಾರು. ಅರಬ್ ಕವಯಿತ್ರಿ ಅಂದ ಕೂಡಲೇ ನಾವು ಮೊದಲೇ ಒಂದು ಚಿತ್ರ ಬರೆದಿಟ್ಟುಕೊಂಡಿರುತ್ತೇವೆ. ಬುರ್ಖಾ ಇರಬೇಕು, ಯುದ್ಧ ಇರಬೇಕು, ಕೊನೆಗೆ ಸಂಕೋಲೆ ಕಳಚಿ ಬೀಳಬೇಕು. ನಾನೂ ಹಾಗೇ ಓದಲು ಕೂತವಳು, ಸುಳ್ಳು ಯಾಕೆ ಹೇಳಲಿ. ಇಮಾನ್ ಕವಿತೆಯಲ್ಲಿ ಏನು ಸಿಕ್ಕಿತು ಗೊತ್ತಾ? ಹೆಂಗಸರ ಒಳಉಡುಪು ತುಂಬಿದ, ದೀಪ ಹಾಕಿದ ಅಂಗಡಿಯ ಗಾಜಿನ ಮುಂದೆ ನಿಂತವಳಿಗೆ ಮಾರ್ಕ್ಸ್ ನೆನಪಾಗುತ್ತಾನೆ. ತನ್ನನ್ನು ಪ್ರೀತಿಸಿದವರೆಲ್ಲರಲ್ಲೂ ಸಮಾನವಾಗಿದ್ದದ್ದು ಒಂದೇ, ಮಾರ್ಕ್ಸ್ ಮೇಲಿನ ಗೌರವ! ಕೊನೆಗೆ ಅವನನ್ನು ಕ್ಷಮಿಸುವುದೇ ಇಲ್ಲ ಅನ್ನುತ್ತಾಳೆ. ಒಂದಿಡೀ ಎಡಪಂಥೀಯ ಗೆಳೆಯರ ಗುಂಪು, ಅವರ ದೊಡ್ಡ ಮಾತು, ಅವರ ನಡುವೆ ಕೂತ ಹೆಣ್ಣಿನ ಮೈ, ಅವಳ ಆಸೆ, ಅವಳ ನಾಚಿಕೆ ಎಲ್ಲ ಕೆಲವೇ ಸಾಲಿನಲ್ಲಿ. ಅನ್ಯಾಯದ ವಿರುದ್ಧ ಇನ್ನೊಬ್ಬರು ಮೂವತ್ತು ಪುಟ ಭಾಷಣ ಬರೆದಿದ್ದರೂ ನನಗೆ ಇಷ್ಟು ತಟ್ಟುತ್ತಿರಲಿಲ್ಲ. ಈಕೆ ಎಲ್ಲಕ್ಕಿಂತ ಮೊದಲು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಸಂತ್ರಸ್ತೆಯ ಕುರ್ಚಿ ಕೊಟ್ಟರೆ ಕೂರುವುದಿಲ್ಲ.

ಆದರೆ ನಗಿಸುವ ಈ ಕವಿತೆಗಳ ಅಡಿಯಲ್ಲಿ ಸತ್ತವರು ತುಂಬಾ ಜನ ಇದ್ದಾರೆ.

ಇಮಾನ್ ಚಿಕ್ಕವರಿದ್ದಾಗಲೇ ಅಮ್ಮ ತೀರಿಕೊಂಡರು. ಸತ್ತವರೆಲ್ಲ ತನಗೆ ಪಿತ್ರಾರ್ಜಿತವಾಗಿ ಬರುತ್ತಿದ್ದಾರೆ ಅನ್ನುವ ಧಾಟಿಯ ಕವಿತೆಯೊಂದಿದೆ. ಒಂದು ದಿನ ಪ್ರೀತಿಸಿದವರೆಲ್ಲ ಹೋದ ಮೇಲೆ ಕೆಫೆಯಲ್ಲಿ ಒಬ್ಬಳೇ ಕೂತಿರುತ್ತೇನೆ, ಕಳೆದುಕೊಂಡೆ ಅಂತ ಅನ್ನಿಸುವುದೂ ಇಲ್ಲ, ಯಾಕೆಂದರೆ ನನ್ನ ಮೈಯೇ ಒಂದು ದೊಡ್ಡ ಬುಟ್ಟಿ, ಹೋದವರೆಲ್ಲ ತಮ್ಮ ಸಾಮಾನು ಅದರಲ್ಲಿ ಬಿಟ್ಟುಹೋಗಿದ್ದಾರೆ ಅನ್ನುತ್ತದೆ ಅದು. ಬುಟ್ಟಿ! ಎಷ್ಟು ಸಾಮಾನ್ಯ ವಸ್ತು, ಅಲ್ವಾ. ಇದನ್ನು ಓದಿದ ಮೇಲೆ ನನಗೆ ಎಷ್ಟೋ ದಿನ ಬೇರೆ ಶೋಕಗೀತೆಗಳೆಲ್ಲ ಜಾಸ್ತಿ ಅಲಂಕಾರ ಮಾಡಿಕೊಂಡ ಹಾಗೆ ಕಂಡವು.

ಅಮ್ಮನ ಜೊತೆ ಇಮಾನ್ ಇರುವ ಫೋಟೋ ಇರುವುದು ಒಂದೇ. ಸಾಯುವ ಸ್ವಲ್ಪ ಮುಂಚೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಫೋಟೋದಲ್ಲಿರುವ ಹೆಂಗಸು ಮಗಳ ನೆನಪಿನ ಅಮ್ಮನನ್ನು ಹೋಲುವುದಿಲ್ಲ. 2017ರಲ್ಲಿ ಬಂದ ತಾಯ್ತನದ ಬಗೆಗಿನ ಗದ್ಯಪುಸ್ತಕದಲ್ಲಿ ಇಮಾನ್ ಈ ಫೋಟೋವನ್ನು ಹಿಡಿದು ಕೂರುತ್ತಾರೆ. ತಾಯ್ತನ ಅಂದರೆ ತ್ಯಾಗ, ಮಮತೆ, ದೇವರು ಅಂತೆಲ್ಲ ಹೇಳುವವರಿಗೆ ಈ ಪುಸ್ತಕ ಹಿಡಿಸುವುದು ಕಷ್ಟ. ಅದರಲ್ಲಿರುವುದು ತಾಯಂದಿರ ತಪ್ಪಿತಸ್ಥ ಭಾವ, ದಣಿವು, ಮಗುವಿಗೂ ತನಗೂ ನಡುವಿನ ಎಳೆದಾಟ, ಫೋಟೋಗಳಲ್ಲಿ ದೆವ್ವದ ಹಾಗೆ ಅರ್ಧ ಕಾಣಿಸಿ ಅರ್ಧ ಮರೆಯಾಗುವ ಅಮ್ಮಂದಿರು. ನಾನು ಅದನ್ನು ಮಧ್ಯೆ ಮಧ್ಯೆ ಮುಚ್ಚಿಟ್ಟು ಓದಬೇಕಾಯಿತು.

ಇನ್ನು ಇನಾಯತ್ ಕಥೆ. ಇದಕ್ಕಾಗಿಯೇ ಈ ಬರಹ ಶುರು ಮಾಡಿದ್ದು, ಬರುವುದು ತಡವಾಯಿತು.

1993ರಲ್ಲಿ ಇಮಾನ್ ಕೈರೋದ ಅಝ್ಬಕೀಯಾ ಹಳೆಪುಸ್ತಕದ ಅಂಗಡಿಗಳಲ್ಲಿ ಸಂತರ ಪವಾಡಗಳ ಗ್ರಂಥವೊಂದನ್ನು ಕಡಿಮೆ ಬೆಲೆಗೆ ಹುಡುಕುತ್ತಿದ್ದಾಗ ಯಾವುದೋ ಕಾದಂಬರಿ ಕೈಗೆ ಸಿಗುತ್ತದೆ. 'ಪ್ರೀತಿ ಮತ್ತು ಮೌನ', ಲೇಖಕಿ ಇನಾಯತ್ ಅಲ್ ಝಯ್ಯಾತ್. ಒಂದು ಪೌಂಡಿಗೆ ಕೊಂಡುಕೊಳ್ಳುತ್ತಾರೆ. ಅದೇ ಮನೆತನದ ಹೆಸರಿನ ಪ್ರಸಿದ್ಧ ಲೇಖಕಿ ಲತೀಫಾ ಅಲ್ ಝಯ್ಯಾತ್ ಅವರ ತಂಗಿಯೋ ಏನೋ ಅಂದುಕೊಳ್ಳುತ್ತಾರೆ. ಅಲ್ಲ, ಸಂಬಂಧವೇ ಇಲ್ಲ. ಇನಾಯತ್ 1963ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವಳು, ಇಪ್ಪತ್ತೇಳು ತುಂಬುವ ಮೊದಲೇ. ಆಕೆ ಬರೆದ ಆ ಒಂದೇ ಕಾದಂಬರಿಯನ್ನು ಪ್ರಕಾಶಕರು ತಿರಸ್ಕರಿಸಿದ್ದರು. ಅದು ಅಚ್ಚಾಗಿದ್ದು 1967ರಲ್ಲಿ, ನೋಡಲು ಆಕೆ ಇರಲಿಲ್ಲ.

ಆ ಪುಸ್ತಕ ಇಮಾನ್‌ರನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ಇನಾಯತ್ ಬದುಕಿನ ಜಾಡು ಹುಡುಕಲು ಹೊರಟರು. ಕಾಗದಪತ್ರ ನೋಡೋಣ ಅಂದರೆ ಬಹುಪಾಲು ನಾಶವಾಗಿದ್ದವು, ಎರಡನೇ ಕಾದಂಬರಿಗೆ ಮಾಡಿಕೊಂಡ ತಯಾರಿ ಸಹ. ವಿಳಾಸ ಹಿಡಿದು ಹೋಗೋಣ ಅಂದರೆ ದುಕ್ಕಿ ಬಡಾವಣೆಯ ಅಸ್ತ್ರಾ ಚೌಕ ಅನ್ನುವ ಹೆಸರೇ ಈಗ ನಕ್ಷೆಯಲ್ಲಿಲ್ಲ. ಸಮಾಧಿ ಎಲ್ಲಿ ಅಂತ ಸ್ಮಶಾನ ಅಲೆದರು. ಇನಾಯತ್ ಕೈರೋದ ಜರ್ಮನ್ ಪುರಾತತ್ವ ಸಂಸ್ಥೆಯಲ್ಲಿ ಕೆಲಸ ಮಾಡಿದ್ದಳು ಅಂತ ತಿಳಿದು ಆ ದಾರಿಯನ್ನೂ ಹಿಡಿದರು. ಕೊನೆಗೆ ಆಕೆಯ ಜೀವದ ಗೆಳತಿ ಸಿಕ್ಕರು, ಅದೂ ಯಾರು, ಈಜಿಪ್ಟಿನ ಸಿನಿಮಾದ ದೊಡ್ಡ ತಾರೆ ನಾದಿಯಾ ಲುತ್ಫಿ! ಇಬ್ಬರೂ ಶಾಲೆಯ ದಿನಗಳ ಸ್ನೇಹಿತೆಯರು. ಒಬ್ಬಳ ಮುಖ ಇಡೀ ಅರಬ್ ಜಗತ್ತಿಗೆ ಗೊತ್ತು, ಇನ್ನೊಬ್ಬಳ ಪುಸ್ತಕ ರಸ್ತೆಬದಿಯಲ್ಲಿ ಒಂದು ಪೌಂಡಿಗೆ.

ಕಾದಂಬರಿ ತಿರಸ್ಕಾರವಾಗಿದ್ದಕ್ಕೆ ಸತ್ತಳು ಅಂತ ಹೇಳಿ ಮುಗಿಸಿದ್ದರೆ ಕಥೆ ಚೆನ್ನಾಗಿ ಓಡುತ್ತಿತ್ತು. ಈ ಹುಡುಕಾಟದ ಬಗ್ಗೆ ಬರೆದ ಪುಸ್ತಕದಲ್ಲಿ ಇಮಾನ್ ಹಾಗೆ ಮಾಡುವುದಿಲ್ಲ. ಚಿಕ್ಕ ವಯಸ್ಸಿನ ಮದುವೆ, ಬಿಡುಗಡೆಗಾಗಿ ಕೋರ್ಟು, ಆ ಕಾಲದ ಕೌಟುಂಬಿಕ ಕಾನೂನು, ಮಗ ಕೈತಪ್ಪುತ್ತಾನೆ ಅನ್ನುವ ಭಯ, ಖಿನ್ನತೆ, ಎಲ್ಲವನ್ನೂ ಪಕ್ಕಪಕ್ಕದಲ್ಲಿ ಇಡುತ್ತಾರೆ. ಇದರಿಂದಲೇ ಆಯಿತು ಅಂತ ಯಾವುದರ ಮೇಲೂ ಬೆರಳಿಡುವುದಿಲ್ಲ. ಕೆಲವು ಕಡೆ ನನಗೆ ಓದುತ್ತಾ ಸಿಟ್ಟೇ ಬಂತು, ಹೇಳಿಬಿಡಿ ಅತ್ತ ಅನ್ನಿಸಿತು. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಇನಾಯತ್ ಬದುಕಿದ್ದಾಗ ಆಕೆಯ ಬಗ್ಗೆ ತೀರ್ಪು ಕೊಟ್ಟವರು ಬೇಕಾದಷ್ಟು ಜನ ಇದ್ದರು.

ಈ ಪುಸ್ತಕ 2019ರಲ್ಲಿ ಬಂತು, 2021ರಲ್ಲಿ ಶೇಖ್ ಝಾಯೆದ್ ಪುಸ್ತಕ ಪ್ರಶಸ್ತಿ ಪಡೆಯಿತು. ರಾಬಿನ್ ಮೋಗರ್ ಅವರ ಇಂಗ್ಲಿಷ್ ಅನುವಾದ 2023ರದ್ದು. ಕವಿತೆಗಳು ಬೇಕಿದ್ದರೆ ರಾಬಿನ್ ಕ್ರೆಸ್ವೆಲ್ ಅನುವಾದಿಸಿದ 2022ರ ಆಯ್ದ ಸಂಕಲನ ಇದೆ, ನಾನು ಓದಿದ್ದು ಅದನ್ನೇ. ಮೊದಲು ಕವಿತೆ ಓದಿ, ಆಮೇಲೆ ಇನಾಯತ್. ತಿರುಗಿಸಿ ಓದಿದರೂ ತಪ್ಪೇನಿಲ್ಲ, ಆದರೆ ನಗುವ ಇಮಾನ್ ಮೊದಲು ಪರಿಚಯವಾದರೆ ಒಳ್ಳೆಯದು.

ಇನಾಯತ್ ಪುಸ್ತಕ ಮುಗಿಸಿದ ದಿನ ಸುಮ್ನೆ ಮತ್ತೆ ಆ ನೋಟ್‌ಬುಕ್ ಕವಿತೆ ತೆಗೆದೆ. ಶಾಲೆಯ ಹೆಸರು ಬಂದಾಗ ಹಿಂದಿನ ಹಾಗೇ ನಗು ಬಂತು. ಗುಟ್ಟಿನ ಕೋಣೆಗಳ ಸಾಲು ಬಂದಾಗ ಮಾತ್ರ ಅಲ್ಲೇ ನಿಂತೆ. ಒಂದು ಕೋಣೆಯಲ್ಲಿ ಇನಾಯತ್ ಕೂತು ಬರೆಯುತ್ತಿದ್ದಳು, ಬಾಗಿಲು ಒಳಗಿನಿಂದ ಹಾಕಿತ್ತು.