ಆಗಸ್ಟ್‌ಗೆ ಮುಂಚೆ ಇಟಲಿ: ಇತಿಹಾಸದ ವಿದ್ಯಾರ್ಥಿಗಳಿಗೆ ಒಂದಷ್ಟು ಕಿವಿಮಾತು

ಇಟಲಿಗೆ ಓದುವ ಕೆಲಸದ ಮೇಲೆ ಹೊರಟವರು ವಿಮಾನದ ಟಿಕೆಟ್ ಹುಡುಕುವ ಮುಂಚೆ ಅಲ್ಲಿನ ಆರ್ಕೈವ್‌ಗಳ, ಅಂದರೆ ಹಳೆಯ ದಾಖಲೆಗಳನ್ನು ಇಟ್ಟಿರುವ ಸಂಗ್ರಹಗಳ ರಜೆ ಯಾವಾಗ ಅಂತ ನೋಡಿಕೊಳ್ಳಿ. ವ್ಯಾಟಿಕನ್ ಲೈಬ್ರರಿ, ವ್ಯಾಟಿಕನ್ ಆರ್ಕೈವ್ ಎರಡೂ ಜುಲೈ ಮಧ್ಯದಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸೆಪ್ಟೆಂಬರ್‌ನಲ್ಲೇ. ಆಗಸ್ಟ್ 15 ಅಲ್ಲಿ ಫೆರ್ರಾಗೊಸ್ತೊ ಹಬ್ಬ. ಅದರ ಆಸುಪಾಸಿನಲ್ಲಿ ಅರ್ಧ ಊರೇ ಸಮುದ್ರದ ಕಡೆ ಹೋಗಿರುತ್ತದೆ, ಎಷ್ಟೋ ಓದುವ ಕೋಣೆಗಳೂ ಮುಚ್ಚಿರುತ್ತವೆ. ಹಾಗಾಗಿ ಜೂನ್ ಶುರುವಿನಲ್ಲೇ ಇಳಿದುಬಿಡಿ. ಓದು ಮೊದಲು, ಸುತ್ತಾಟ ಆಮೇಲೆ.

ನನ್ನ ವಿಷಯ ಕನ್ನಡ ನಾಡನ್ನು ನೋಡಿ ಬರೆದ ಇಟಲಿಯ ಪ್ರವಾಸಿಗರು. ವಿಜಯನಗರಕ್ಕೆ ಬಂದ ನಿಕೊಲೊ ಕೊಂಟಿ ನಮ್ಮ ಪಠ್ಯಪುಸ್ತಕದಲ್ಲೇ ಇದ್ದಾನೆ. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡ ಪಿಯೆತ್ರೊ ದೆಲ್ಲಾ ವಾಲ್ಲೆಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಹಾಡಿಕೊಳ್ಳುತ್ತಾ ಲೆಕ್ಕ ಬರೆಯುತ್ತಿದ್ದುದನ್ನು ಅವನು ಪತ್ರದಲ್ಲಿ ವಿವರವಾಗಿ ಬರೆದಿದ್ದಾನೆ. ಉಳ್ಳಾಲದ ರಾಣಿಯನ್ನೂ ಭೇಟಿಯಾಗಿದ್ದ. ನಿಮ್ಮ ವಿಷಯ ಬೇರೆ ಇರಬಹುದು, ಆದರೆ ದಾರಿ ಹೆಚ್ಚುಕಡಿಮೆ ಇದೇ.

ವೀಸಾ ವಿಚಾರ ಬೇಗ ಮುಗಿಸುತ್ತೇನೆ. 180 ದಿನಗಳ ಅವಧಿಯಲ್ಲಿ 90 ದಿನದೊಳಗೆ ಇರುವುದಾದರೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಸಾಕು. ಅದಕ್ಕಿಂತ ಜಾಸ್ತಿ ಅಂದರೆ ಬೇರೆ ವೀಸಾ, ಅಲ್ಲಿಗೆ ಹೋದ ಮೇಲೆ ವಾಸದ ಪರವಾನಗಿ, ಅದಕ್ಕೊಂದು ಕ್ಯೂ. ಒಂದು ಬೇಸಿಗೆಗೆ ಅಷ್ಟು ಯಾಕೆ? ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ವಿಭಾಗದ ಮುಖ್ಯಸ್ಥರಿಂದ ಲೆಟರ್‌ಹೆಡ್ ಮೇಲೆ ಸಹಿ, ಸೀಲು ಇರುವ ಪತ್ರ ತಗೊಳ್ಳಿ. ಅದು ವೀಸಾಕ್ಕೂ ಆಗುತ್ತದೆ, ಆರ್ಕೈವ್ ಬಾಗಿಲಲ್ಲೂ ಆಗುತ್ತದೆ. ನಾಲ್ಕೈದು ಪ್ರತಿ ಇಟ್ಟುಕೊಂಡರೆ ಒಳ್ಳೆಯದು.

ಭಾಷೆ ಬಾರದಿದ್ದರೆ ಮೊದಲ ಕೆಲವು ವಾರ ಪೆರುಜಾ ಅಥವಾ ಸಿಯೆನಾದಲ್ಲಿ ಕಳೆಯಿರಿ. ಎರಡೂ ಕಡೆ ವಿದೇಶಿಯರಿಗೆ ಇಟಾಲಿಯನ್ ಕಲಿಸುವುದಕ್ಕೇ ಇರುವ ವಿಶ್ವವಿದ್ಯಾಲಯಗಳಿವೆ. ಬಾಡಿಗೆ ರೋಮ್‌ಗಿಂತ ಎಷ್ಟೋ ಕಡಿಮೆ, ಇಂಗ್ಲಿಷ್ ಮಾತಾಡುವವರೂ ಕಡಿಮೆ, ಹಾಗಾಗಿ ಕಲಿಯದೆ ವಿಧಿಯಿಲ್ಲ. ಒಂದೇ ಎಚ್ಚರ: ಜುಲೈನಲ್ಲಿ ಪೆರುಜಾದಲ್ಲಿ ದೊಡ್ಡ ಜಾಝ್ ಉತ್ಸವ, ಸಿಯೆನಾದಲ್ಲಿ ಜುಲೈ 2 ಮತ್ತು ಆಗಸ್ಟ್ 16ಕ್ಕೆ ಪಾಲಿಯೊ ಕುದುರೆ ಓಟ. ಆ ದಿನಗಳಲ್ಲಿ ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ರೋಮ್‌ನಲ್ಲಿ ವ್ಯಾಟಿಕನ್‌ನದ್ದೇ ಬೇರೆ ಲೋಕ. ಅಲ್ಲಿ ನಿಮ್ಮ ಫೋನಿನಲ್ಲಿ ಹಸ್ತಪ್ರತಿಯ ಫೋಟೊ ತೆಗೆಯುವಂತಿಲ್ಲ. ಆದರೆ ಸಾವಿರಾರು ಹಸ್ತಪ್ರತಿಗಳನ್ನು ಅವರೇ ಆನ್‌ಲೈನ್‌ನಲ್ಲಿ ಉಚಿತವಾಗಿ ಹಾಕಿದ್ದಾರೆ. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತು ನೋಡಬಹುದಾದದ್ದನ್ನು ನೋಡಲು ರೋಮ್‌ಗೆ ಹೋಗಬೇಡಿ. ಪಟ್ಟಿ ಮಾಡಿ, ಆನ್‌ಲೈನ್‌ನಲ್ಲಿ ಇಲ್ಲದ್ದಕ್ಕೆ ಮಾತ್ರ ಅಲ್ಲಿನ ಸಮಯ ಇಡಿ. ದೆಲ್ಲಾ ವಾಲ್ಲೆ ಮನೆತನದ ಕಾಗದಪತ್ರಗಳು ಇರುವುದು ವ್ಯಾಟಿಕನ್ ಆರ್ಕೈವ್‌ನಲ್ಲೇ. ಪಿಯೆತ್ರೊನ ಸಮಾಧಿ ಮಾತ್ರ ಕ್ಯಾಪಿಟೊಲಿನ್ ಗುಡ್ಡದ ಮೇಲಿನ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಿದೆ. ಹೆಂಡತಿ ಸಿತ್ತಿ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅವಳ ದೇಹ ಕೆಡದಂತೆ ಮಾಡಿಸಿ, ಇಂಡಿಯಾಕ್ಕೂ ಜೊತೆಗೇ ತಂದು, ಕೊನೆಗೆ 1627ರಲ್ಲಿ ಈ ಚರ್ಚಿನಲ್ಲಿ ಮಣ್ಣು ಮಾಡಿದ. ಎಂಥ ಮನುಷ್ಯ ಅಲ್ವಾ! ಎದುರಿನ ಮೆಟ್ಟಿಲು ನೂರಕ್ಕೂ ಮೇಲಿವೆ. ಬಿಸಿಲಿದ್ದರೆ ಪಕ್ಕದ ಚೌಕದ ಕಡೆಯಿಂದ ಸುಲಭವಾಗಿ ಒಳಗೆ ಹೋಗಿ.

ಸರ್ಕಾರಿ ಆರ್ಕೈವ್‌ಗಳು ಇದಕ್ಕೆ ತದ್ವಿರುದ್ಧ. 2017ರ ಕಾನೂನಿನ ನಂತರ ಫ್ಲಾಶ್ ಇಲ್ಲದೆ ಸ್ವಂತ ಫೋನಿನಲ್ಲಿ ಫೋಟೊ ತೆಗೆಯಲು ದುಡ್ಡು ಕೊಡಬೇಕಿಲ್ಲ. ಫ್ಲಾರೆನ್ಸ್ ಮತ್ತು ವೆನಿಸ್‌ನಲ್ಲಿ ನನ್ನ ದಿನವೆಲ್ಲಾ ಹೀಗೆ ಫೋಟೊ ತೆಗೆಯುವುದರಲ್ಲೇ ಹೋಗುತ್ತಿತ್ತು, ಓದುವುದು ರಾತ್ರಿ ರೂಮಿನಲ್ಲಿ. ದಿನಕ್ಕೆ ದಾಖಲೆಗಳ ಇಷ್ಟೇ ಕಟ್ಟು ಅಂತ ಮಿತಿ ಇರುತ್ತದೆ, ಆದ್ದರಿಂದ ಕಟ್ಟುಗಳ ಸಂಖ್ಯೆ ಮೊದಲೇ ಗುರುತು ಮಾಡಿಕೊಂಡು ಹೋಗಿ. ವೆನಿಸ್‌ನ ಆರ್ಕೈವ್ ಫ್ರಾರಿ ಚರ್ಚಿಗೆ ಅಂಟಿಕೊಂಡ ಹಳೆಯ ಮಠದಲ್ಲಿದೆ. ಕೆಲವು ದಾಖಲೆ ಜುದೆಕ್ಕಾ ದ್ವೀಪದಲ್ಲಿವೆ, ಮುಂಚೆಯೇ ಇಮೇಲ್ ಮಾಡಿ ಕೇಳಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಯಾವ ಪ್ರವಾಸದ ಕೈಪಿಡಿಯೂ ಹೇಳುವುದಿಲ್ಲ. ಹಳೆಯ ವೆನಿಸ್‌ನಲ್ಲಿ ಹೊಸ ವರ್ಷ ಮಾರ್ಚ್ 1ಕ್ಕೆ, ಫ್ಲಾರೆನ್ಸ್‌ನಲ್ಲಿ ಮಾರ್ಚ್ 25ಕ್ಕೆ. ವೆನಿಸ್‌ನ ಪತ್ರದಲ್ಲಿ ಫೆಬ್ರವರಿ 1510 ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ ಅದು 1511. ಗಂಟೆಯನ್ನೂ ಸೂರ್ಯ ಮುಳುಗಿದಾಗಿನಿಂದ ಎಣಿಸುತ್ತಿದ್ದರು. ಟಿಪ್ಪಣಿ ಬರೆಯುವಾಗಲೇ ಎರಡೂ ತಾರೀಖು ಹಾಕಿಕೊಂಡರೆ ಊರಿಗೆ ಬಂದ ಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಊಟದ ವಿಷಯಕ್ಕೆ ಬರೋಣ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. 'ಸೆಂಝಾ ಕಾರ್ನೆ, ಸೆಂಝಾ ಪೆಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ರಿಸೊತ್ತೊ ನೋಡಲು ನಮ್ಮ ಮುದ್ದೆ ಅನ್ನದ ಹಾಗೇ ಇದ್ದರೂ ಎಷ್ಟೋ ಕಡೆ ಮಾಂಸದ ಸಾರಿನಲ್ಲಿ ಬೇಯಿಸಿರುತ್ತಾರೆ. ಪಾರ್ಮೆಸಾನ್, ಪೆಕೊರಿನೊ ಚೀಸ್‌ಗಳಿಗೆ ಕರು, ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಕಟ್ಟುನಿಟ್ಟಿನವರಿಗೆ ಪಿಜ್ಜಾ ಮರಿನಾರಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಚೀಸ್ ಇಲ್ಲ. ಕಡಲೆಕಾಳಿನ ಪಾಸ್ತಾ ಕೂಡ ಹೊಟ್ಟೆ ತುಂಬುತ್ತದೆ, ಹಂದಿಮಾಂಸದ ಚೂರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ಬಿಲ್ಲು ಬೇರೆ. ರೋಮ್‌ನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ, ಬೀದಿ ನಲ್ಲಿಯ ನೀರು ತಣ್ಣಗೂ ಇರುತ್ತದೆ, ಚೆನ್ನಾಗೂ ಇರುತ್ತದೆ. ಮನೆಗಳ ಬಚ್ಚಲಲ್ಲಿ ಬಿಡೆ (bidet), ಅಂದರೆ ಶೌಚದ ನಂತರ ನೀರಿನಲ್ಲಿ ತೊಳೆದುಕೊಳ್ಳುವ ತೊಟ್ಟಿ ಇರುತ್ತದೆ, 1975ರಿಂದ ಅದು ಕಡ್ಡಾಯ. ಯೂರೋಪಿಗೆ ಹೊರಟ ನಮ್ಮವರ ದೊಡ್ಡ ಚಿಂತೆ ಅಲ್ಲಿಗೆ ತೀರಿತು.

ರೈಲು ಮುಷ್ಕರಗಳು ಮೊದಲೇ ಘೋಷಣೆಯಾಗುತ್ತವೆ. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಸ್ಥಳೀಯ ರೈಲುಗಳು ಮುಷ್ಕರವಿದ್ದರೂ ಓಡಬೇಕು ಅಂತ ನಿಯಮ. ಸ್ಥಳೀಯ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಸರ್ಕಾರಿ ಮ್ಯೂಸಿಯಂಗಳಲ್ಲಿ ವಿದ್ಯಾರ್ಥಿ ರಿಯಾಯಿತಿ ಕೇಳಿ ಸುಮ್ನೆ ವಾದ ಮಾಡಬೇಡಿ, 18ರಿಂದ 25 ವಯಸ್ಸಿನವರ ಅಗ್ಗದ ಟಿಕೆಟ್ ಯೂರೋಪಿಯನ್ ಒಕ್ಕೂಟದವರಿಗೆ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಜನಜಂಗುಳಿಯೂ ಹಾಗೇ ಇರುತ್ತದೆ.

ಆಗಸ್ಟ್‌ನಲ್ಲಿ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಕೊಂಟಿಯ ಊರು ಕ್ಯೋಜಾಗೆ ಹೋಗಿ ಬನ್ನಿ. ವೆನಿಸ್‌ನ ಲಿಡೊ ದ್ವೀಪದಿಂದ 11ನೇ ನಂಬರಿನ ಬಸ್ಸು ಮತ್ತು ದೋಣಿ ಹಿಡಿದರೆ ಪೆಲ್ಲೆಸ್ತ್ರಿನಾ ದ್ವೀಪದ ಮೇಲೆ ಹಾದು ತಲುಪುತ್ತೀರಿ. ಮೀನುಗಾರರ ಊರು, ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಬೇಕು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ, ವಾಪಸ್ ಬರುವ ಕೊನೆಯ ದೋಣಿಯ ಹೊತ್ತನ್ನು ಇಳಿದ ಕೂಡಲೇ ಬೋರ್ಡಿನಲ್ಲಿ ನೋಡಿಕೊಳ್ಳಿ.