ಹಿನ್ನೀರಿನ ಕ್ಯಾಬಿನ್: ಮಳೆಯಿಲ್ಲದೆ ತೊಟ್ಟಿಕ್ಕುವ ಮಾಡು

ಚಳಿ ಶುರುವಾದಾಗಿನಿಂದ ತೊಟ್ಟಿಕ್ಕುತ್ತಿದ್ದ ಮಾಡು ಕಡೆಗೂ ಒಣಗಿದೆ! ಶರಾವತಿ ಹಿನ್ನೀರಿನ ದಂಡೆಯ ಈ ಕ್ಯಾಬಿನ್ನಿನ ಪಾಯ, ಹಲಗೆಗೋಡೆ, ಸೋಲಾರ್ ವೈರಿಂಗ್ ಎಲ್ಲ ಗೊತ್ತಿರುವ ಕೆಲಸವೇ, ಅದನ್ನು ಬಿಡೋಣ. ಈ ಸಲ ಪೂರ್ತಿ ತಗಡಿನ ಶೀಟಿನ ಒಳಮೈ ನೀರಿನದೇ ಮಾತು.

ಡಿಸೆಂಬರ್ ಹೊತ್ತಿಗೆ ಇಲ್ಲಿ ಮಳೆ ಅಪರೂಪ. ಆದರೂ ನಡುರಾತ್ರಿ ದಾಟಿದರೆ ಟಪ್ ಟಪ್ ಶುರು. ಬೇರೆ ಯಾವ ಸದ್ದೂ ಇಲ್ಲದ ಹೊತ್ತು, ಒಂದೊಂದು ಹನಿಯೂ ಕಿವಿಗೆ ಬೀಳುತ್ತದೆ. ಬೆಳಗಿನ ಜಾವ ಟಾರ್ಚ್ ಬಿಟ್ಟು ನೋಡಿದರೆ ಶೀಟಿನ ತಗ್ಗುಗಳುದ್ದಕ್ಕೂ ಹನಿಗಳು ಸಾಲಾಗಿ ನೇತಾಡುತ್ತಿರುತ್ತವೆ. ಬಿಸಿಲು ತಾಗಿ ತಗಡು ಹಿಗ್ಗಿತೋ, ಅಷ್ಟೂ ಒಟ್ಟಿಗೆ ಉದುರುತ್ತವೆ.

ಇದು ಸೋರಿಕೆ ಅಲ್ಲ, ತಣ್ಣಗಾದ ತಗಡಿನ ಒಳಮೈಗೆ ಗಾಳಿಯ ತೇವ ಕಟ್ಟುವ ಇಬ್ಬನಿ. ಸ್ಕ್ರೂ ವಾಷರ್ ಬದಲಿಸಿ, ಸಿಲಿಕೋನ್ ಬಳಿದು ದುಡ್ಡು ಕಳೆಯಬೇಡಿ. ಮೋಡದ ರಾತ್ರಿ ಹನಿ ಇಲ್ಲ, ಗಾಳಿ ಬೀಸಿದ ರಾತ್ರಿಯೂ ಇಲ್ಲ. ಶುಭ್ರ ಆಕಾಶ, ನಿಂತ ಗಾಳಿ ಇದ್ದರೆ ಮಾತ್ರ. ತಗಡು ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ 4–5 ಡಿಗ್ರಿ ತಣ್ಣಗಾಗುತ್ತದೆ. ಗಾಳಿ 16 ಡಿಗ್ರಿ, ತೇವಾಂಶ 92 ಶೇಕಡಾ ಎಂದಿಟ್ಟುಕೊಳ್ಳಿ: ಇಬ್ಬನಿ ಕಟ್ಟಲು 14.7 ಡಿಗ್ರಿ ಸಾಕು, ತಗಡು ಇರುವುದು 12ರಲ್ಲಿ. ಚದರ ಮೀಟರಿಗೆ 100 ಗ್ರಾಂ ಕಟ್ಟಿದರೂ 40 ಚದರ ಮೀಟರಿನ ಮಾಡಿಗೆ 4 ಲೀಟರ್ ಆಯಿತು. ಬಣ್ಣದ ಶೀಟಿನಲ್ಲಿ ತೊಂದರೆ ಹೆಚ್ಚು, ಏಕೆಂದರೆ ಬಣ್ಣ ಬಳಿದ ಮೈ ಹೊಳೆಯುವ ಬರಿ ತಗಡಿಗಿಂತ ಬೇಗ ಶಾಖ ಬಿಡುತ್ತದೆ.

ಒಳಗಿನ ಉಸಿರು, ಅಡುಗೆಯ ಆವಿಯೂ ಸೇರುತ್ತದೆ, ಸುಳ್ಳಲ್ಲ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರು ಹುಟ್ಟುತ್ತದೆ. ಆದರೆ ಯಾರೂ ಮಲಗದ, ಒಲೆಯೂ ಇಲ್ಲದ ಜಗಲಿಯ ಮಾಡೂ ಅಷ್ಟೇ ತೊಟ್ಟಿಕ್ಕುತ್ತದೆ. ಹಾಗಾಗಿ ‘ಮಾಡಿಗೆ ಗಾಳಿ ಆಡಲು ಬಿಡಿ’ ಎಂಬ ಎಲ್ಲರ ಸಲಹೆ ನೀರಿನ ದಂಡೆಯಲ್ಲಿ ನಡೆಯುವುದಿಲ್ಲ. ಗಾಳಿ ಬಿಟ್ಟಷ್ಟೂ ಹೊರಗಿನ ತೇವವೇ ಒಳಗೆ ಬರುತ್ತದೆ.

ಅನುಮಾನ ಇದ್ದವರು ಸುಲಭದ ಪರೀಕ್ಷೆ ಮಾಡಬಹುದು. ಜಗಲಿ ಮಾಡಿನ ಅರ್ಧಕ್ಕೆ ಅಡಿಕೆ ಸೋಗೆ ಹೊದಿಸಿ. ಸೋಗೆ ಹೊದಿಸಿದ ಭಾಗ ಒಣಗಿರುತ್ತದೆ, ಬರಿ ಶೀಟಿನ ಭಾಗ ಹನಿಯುತ್ತದೆ. ಆಕಾಶಕ್ಕೆ ಮುಖ ಕೊಟ್ಟು ತಣ್ಣಗಾಗುವುದು ಆಗ ಸೋಗೆ, ತಗಡಲ್ಲ. ಒಂದು ಚಳಿಗಾಲಕ್ಕೆ ಇದನ್ನೇ ಇಟ್ಟುಕೊಳ್ಳಬಹುದು, ಆದರೆ ಮಳೆಗೆ ಮೊದಲು ತೆಗೆಯಲೇಬೇಕು. ಅಡಿಯಲ್ಲಿ ಕಸ ಕೊಳೆತರೆ ಶೀಟು ತುಕ್ಕು ಹಿಡಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆಯುವವರು ಶೀಟಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಬರುವ ಅಂಕಿ ತಪ್ಪು.

ಶಾಶ್ವತ ಪರಿಹಾರ, ಒಳಮೈಗೆ ಎಕ್ಸ್‌ಎಲ್‌ಪಿಇ ಫೋಮ್, ಅಂದರೆ ಒಂದು ಮೈಗೆ ಫಾಯಿಲ್ ಇರುವ ಪಾಲಿಥೀನ್ ಫೋಮಿನ ಹಾಳೆ. ದಪ್ಪದಲ್ಲಿ ಜಿಪುಣತನ ಬೇಡ. 5 ಮಿಮೀ ಏನೂ ಮಾಡದು, 10 ಮಿಮೀ ಅಂಚಿನಲ್ಲಿ ನಿಲ್ಲುತ್ತದೆ, 20 ಮಿಮೀ ಆದರೆ ಫೋಮಿನ ಕೆಳಮೈ ಗಾಳಿಗಿಂತ ಒಂದು ಡಿಗ್ರಿಯೊಳಗೇ ಉಳಿಯುತ್ತದೆ. 20 ಮಿಮೀ ಎಂದು ಬರೆದು ಕೊಟ್ಟರೂ ಅಂಗಡಿಯಿಂದ ಬಂದದ್ದು 10ರ ರೋಲು. ‘ಫಾಯಿಲ್ ಇದೆಯಲ್ಲ, ಶಾಖ ತಡೆಯುತ್ತೆ’ ಎಂಬ ಸಮಜಾಯಿಷಿ ಬೇರೆ. ಅದು ಹಗಲಿನ ಬಿಸಿಲಿನ ಮಾತು, ರಾತ್ರಿಯ ಇಬ್ಬನಿಗೆ ಬೇಕಾದದ್ದು ದಪ್ಪ. ಮಾಲು ಇಳಿಸಿಕೊಳ್ಳುವ ಮೊದಲು ಒಂದು ಚದರ ಮೀಟರ್ ತೂಗಿ: ಸಾಂದ್ರತೆ ಘನ ಮೀಟರಿಗೆ 30 ಕೆಜಿ ಎಂದು ಹೇಳಿದ 20 ಮಿಮೀ ಫೋಮ್ 600 ಗ್ರಾಂ ತೂಗಬೇಕು.

ಅಂಟಿಸುವುದು ಬೆಳಿಗ್ಗೆ 11ರ ಮೇಲೆ, ಶೀಟು ಬಿಸಿಯಾಗಿ ಪೂರ್ತಿ ಒಣಗಿದಾಗ. ಮೊದಲು ಥಿನ್ನರ್‌ನಲ್ಲಿ ಒರೆಸಿ, ಆಮೇಲೆ ರೋಲರ್‌ನಿಂದ ಒತ್ತಿ. ಕೂಡುಗಳಿಗೆಲ್ಲ ಅಲ್ಯೂಮಿನಿಯಂ ಟೇಪ್. ಶೀಟಿನ ಏಣುಗಳ ಒಳಗೆ ಉಳಿಯುವ ಪೊಳ್ಳಿನಲ್ಲಿ ಗಾಳಿ ಓಡಬಾರದು. ಅದಕ್ಕೆ ನೆತ್ತಿಯ ಕಡೆ ಫೋಮ್ ಫಿಲ್ಲರ್‌ನಿಂದ ಪೂರ್ತಿ ಮುಚ್ಚಿ, ಸೂರಿನ ಕಡೆ ಮಾತ್ರ ನೀರಿಳಿಯಲು 5 ಮಿಮೀ ಸಂದು ಬಿಡಿ.

ಇಷ್ಟಾದರೂ ಎರಡು ಕಡೆ ಹನಿ ನಿಲ್ಲಲಿಲ್ಲ. ಆ ಎರಡೂ ಜಾಗ ಗೋಡೆಯ ಹತ್ತಿರ, ಶೀಟನ್ನು ಹೊತ್ತ ಬಾಕ್ಸ್ ಪೈಪಿನ ತುದಿಯಲ್ಲಿ. 50×50 ಮಿಮೀ ಪೈಪು ಶೀಟಿಗೆ ತಾಗಿ ತಾನೂ ತಣ್ಣಗಾಗುತ್ತದೆ. ಬಾಯಿ ತೆರೆದಿದ್ದರೆ ತೇವದ ಗಾಳಿ ಒಳಹೊಕ್ಕು ಅಲ್ಲೇ ನೀರಾಗಿ ತುದಿಯಿಂದ ಇಳಿಯುತ್ತದೆ. ಪೈಪಿನ ಮೂರು ಮೈಗೂ ಫೋಮ್ ಸುತ್ತಿ, ಬಾಯಿಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿ ಸಿಲಿಕೋನ್ ತುಂಬಿ, ಗೋಡೆಯಾಚೆಯ ತುದಿಯ ತಳದಲ್ಲಿ ನೀರಿಳಿಯಲು 4 ಮಿಮೀ ತೂತು ಕೊರೆದ ಮೇಲೆ ಎರಡೂ ನಿಂತವು. ಗಟ್ಟಿ ಮಂಜಿನ ಬೆಳಗಿನಲ್ಲೂ ಹಾಸಿಗೆ ಒಣ ಒಣ!

ಮುಂದಿನ ಕೆಲಸ, ದಡದ ಪಕ್ಕ ಡ್ರಮ್ಮುಗಳ ಮೇಲೆ ತೇಲುವ ಹಲಗೆಯ ಕಟ್ಟೆ. ಈ ಹಿನ್ನೀರನ್ನು ಹಿಡಿದಿಟ್ಟ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಮೇಲೆ ಬೇಸಿಗೆಯ ಕೊನೆವರೆಗೂ ನೀರು ಇಳಿಯುತ್ತಲೇ ಹೋಗುವುದರಿಂದ ನೆಟ್ಟ ಕಂಬದ ಕಟ್ಟೆ ಕೆಸರಿನಲ್ಲಿ ನಿಲ್ಲುತ್ತದೆ. 200 ಲೀಟರಿನ ಡ್ರಮ್ ಅರ್ಧ ಮುಳುಗಿದಾಗ ತನ್ನ ತೂಕ ಕಳೆದು ಸುಮಾರು 90 ಕೆಜಿ ಹೊರುತ್ತದೆ, ಅಂದರೆ ಎಂಟು ಡ್ರಮ್ಮಿಗೆ 720. ಅದರಲ್ಲಿ ಚೌಕಟ್ಟು, ಹಲಗೆಗೆ 300 ಹೋದರೂ ನಾಲ್ಕೈದು ಜನ ಆರಾಮಾಗಿ ನಿಲ್ಲಬಹುದು. ದಡಕ್ಕೆ ಕಟ್ಟುವ ಹಗ್ಗವನ್ನು ನೀರಿನ ಜೊತೆ ಇಳಿಸುತ್ತಾ ಹೋಗುವುದು ಹೇಗೆ ಎಂಬುದೇ ಈಗಿನ ತಲೆನೋವು. ಡ್ರಮ್ ಮಾತ್ರ ಈ ಸಲ ನೋಡಿಯೇ ತರುವುದು, ಫೋನಿನಲ್ಲಿ ಆರ್ಡರ್ ಇಲ್ಲ.