ಬೇಲ್‌ನ ಆ 24 ಪಂದ್ಯಗಳು
ವೇಲ್ಸ್ ದೇಶದ ಫುಟ್‌ಬಾಲ್ ಆಟಗಾರ ಗ್ಯಾರೆತ್ ಬೇಲ್ ಅಂದ್ರೆ ಎಲ್ಲರಿಗೂ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್ ನೆನಪಾಗುತ್ತದೆ. ನನಗೆ ಮಾತ್ರ ಅದಕ್ಕೂ ಹಿಂದಿನ ಪೆಚ್ಚುಮೋರೆಯ ಹುಡುಗನೇ ಇಷ್ಟ.

ಕಾರ್ಡಿಫ್‌ನ ಶಾಲೆಯಲ್ಲಿ ಅವನ ಆಟಕ್ಕೆ ಉಳಿದ ಮಕ್ಕಳು ಸಾಟಿಯೇ ಅಲ್ಲ. ಅದಕ್ಕೇ ಮೇಷ್ಟ್ರು ಎಡಗಾಲು ಬಳಸಬಾರದು ಅಂತ ಕಟ್ಟುಪಾಡು ಹಾಕಿದ್ದರಂತೆ! 2006ರ ಏಪ್ರಿಲ್‌ನಲ್ಲಿ, 16ನೇ ವಯಸ್ಸಿಗೇ, ಇಂಗ್ಲೆಂಡಿನ ಸೌತಾಂಪ್ಟನ್ ಕ್ಲಬ್ ಪರ ಮೈದಾನಕ್ಕಿಳಿದ. ಮುಂದಿನ ತಿಂಗಳೇ ವೇಲ್ಸ್ ತಂಡದಲ್ಲೂ ಆಡಿದ.

2007ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ ಸೇರಿದ ಮೇಲೆ ಶುರುವಾಯಿತು ಫಜೀತಿ. ಅಲ್ಲಿ ಅವನು ಆಡಿದ ಮೊದಲ 24 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ. ಇವನ ಕಾಲ್ಗುಣವೇ ಸರಿಯಿಲ್ಲ ಅಂದರು ಜನ. ಗಾಯದ ಕಾಟ ಬೇರೆ. ಪಾಪ, ಹನ್ನೊಂದು ಜನರ ಆಟದಲ್ಲಿ ಒಬ್ಬನ ತಪ್ಪೇ?

2009ರ ಸೆಪ್ಟೆಂಬರ್‌ನಲ್ಲಿ ಬರ್ನ್ಲಿ ವಿರುದ್ಧ ಗೆಲುವು ಖಚಿತವಾದ ಮೇಲೆ, ಕೊನೆಯ ಐದು ನಿಮಿಷಕ್ಕೆ ಅವನನ್ನು ಇಳಿಸಿದರು. 5-0. ಶಾಪ ಕಳೆಯಿತು.